ನೆಸ್ಸಿ ಸಿಗಲಿಲ್ಲ, ಕುದುರೆ ಸಿಕ್ಕಿತು

ಸ್ಕಾಟ್‌ಲ್ಯಾಂಡ್‌ನ ಇನ್ವರ್‌ನೆಸ್ ಊರಿಂದ ದಕ್ಷಿಣಕ್ಕೆ ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಎಡಗಡೆ ನೀರು ಶುರುವಾಗುತ್ತೆ. ಆಮೇಲೆ ಮುಗಿಯೋದೇ ಇಲ್ಲ. ಅದೇ ಲಾಕ್ ನೆಸ್. ‘ಲಾಕ್’ ಅಂದರೆ ಅವರ ಭಾಷೆಯಲ್ಲಿ ಸರೋವರ. ಉದ್ದ ಸುಮಾರು 37 ಕಿಲೋಮೀಟರ್, ಆಳ 230 ಮೀಟರ್‌ವರೆಗೆ. ಇಂಗ್ಲೆಂಡ್, ವೇಲ್ಸ್‌ನ ಎಲ್ಲ ಸರೋವರಗಳ ನೀರು ಒಟ್ಟು ಸೇರಿಸಿದರೂ ಇದರಷ್ಟಾಗಲ್ಲ. ಬಣ್ಣ ಮಾತ್ರ ನಮ್ಮ ಕಾಫಿ ಡಿಕಾಕ್ಷನ್ನೇ. ಬೆಟ್ಟಗಳಿಂದ ಅರೆಕೊಳೆತ ಗಿಡಗಂಟಿಯ ಕಪ್ಪು ಮಣ್ಣು ಕರಗಿ ಬರುತ್ತಂತೆ. ಇಂಥ ನೀರಲ್ಲಿ ಏನೂ ಇಲ್ಲ ಅಂದ್ರೇನೇ ನಂಬೋದು ಕಷ್ಟ.

ಆದರೆ ಜಗತ್ತಿಗೆಲ್ಲ ಗೊತ್ತಿರುವ ನೆಸ್ಸಿಗೆ ನಮ್ಮ ತಾತನ ವಯಸ್ಸಷ್ಟೇ. 1933ರ ಮೇ ತಿಂಗಳಲ್ಲಿ ‘ಇನ್ವರ್‌ನೆಸ್ ಕೊರಿಯರ್’ ಪತ್ರಿಕೆಯಲ್ಲಿ ಸುದ್ದಿ ಬಂತು, ಮರುವರ್ಷ ಉದ್ದ ಕತ್ತಿನ ಆ ಫೋಟೋ ಬಂತು. ಅದು ಆಟಿಕೆ ಸಬ್‌ಮರೀನ್‌ಗೆ ಅಂಟಿಸಿದ ಕತ್ತು ಅಂತ ಬಯಲಾಗಿದ್ದು 1994ರಲ್ಲಿ! 2018ರಲ್ಲಿ ನ್ಯೂಜಿಲೆಂಡ್‌ನ ವಿಜ್ಞಾನಿ ನೀಲ್ ಗೆಮೆಲ್ ತಂಡದವರು ನೀರಿನ ಸ್ಯಾಂಪಲ್ ತೆಗೆದು ಅದರೊಳಗಿನ ಡಿಎನ್‌ಎ ಹುಡುಕಿದರು. ನಾವು ಲಾಗ್ ಫೈಲ್ ನೋಡ್ತೀವಲ್ಲ, ಹಾಗೆ. ಯಾರು ಬಂದು ಹೋದರೂ ಗುರುತು ಉಳಿದಿರುತ್ತೆ. ದೈತ್ಯ ಸರೀಸೃಪದ ಸುಳಿವಿಲ್ಲ. ಹಾವುಮೀನಿನ ಡಿಎನ್‌ಎ ಮಾತ್ರ ಎಲ್ಲೆಲ್ಲೂ.

ನನಗೆ ಹಿಡಿಸಿದ್ದು ನೆಸ್ಸಿಗಿಂತ ತುಂಬಾ ಹಳೆಯ ಕಥೆ. ಇಲ್ಲಿನ ಹೊಳೆ, ಸರೋವರಗಳಲ್ಲಿ ಕೆಲ್ಪಿ ಅನ್ನೋ ನೀರಿನ ಕುದುರೆ ಇದೆ ಅಂತ ಜನ ನಂಬಿದ್ದರು (ಹಿಪ್ಪೋ ಅಲ್ಲ ಮತ್ತೆ). ದಡದಲ್ಲಿ ಚೆಂದದ ಕುದುರೆಯೊಂದು ಸುಮ್ಮನೆ ನಿಂತಿರುತ್ತೆ. ಒಂದು ಮಗು ಹತ್ತುತ್ತೆ, ಇನ್ನೊಂದು ಹತ್ತುತ್ತೆ. ಹತ್ತಿದಷ್ಟೂ ಅದರ ಬೆನ್ನು ಉದ್ದವಾಗುತ್ತಾ ಹೋಗುತ್ತೆ. ಇಳಿಯೋಣ ಅಂದರೆ ಮೈ ಅಂಟಿಕೊಂಡಿರುತ್ತೆ. ಎಲ್ಲರನ್ನೂ ಹೊತ್ತುಕೊಂಡು ಅದು ನೀರಿಗಿಳಿಯುತ್ತೆ. ಬೆರಳಷ್ಟೇ ತಾಗಿಸಿದ್ದ ಹುಡುಗನೊಬ್ಬ ಆ ಬೆರಳನ್ನೇ ಕತ್ತರಿಸಿಕೊಂಡು ಬದುಕುತ್ತಾನೆ.

ಭಯಾನಕ ಕಥೆ. ಆದರೆ ಅರ್ಕರ್ಟ್ ಕೋಟೆಯ ಕೆಳಗೆ ನೀರಿನ ಹತ್ತಿರ ನಿಂತರೆ ಯಾಕೆ ಹುಟ್ಟಿತು ಅಂತ ಅರ್ಥವಾಗುತ್ತೆ. ದಡದಿಂದ ಸ್ವಲ್ಪ ದೂರದಲ್ಲೇ ತಳ ಕಡಿದಾಗಿ ಇಳಿಯುತ್ತೆ. ಆಳದ ನೀರು ವರ್ಷವಿಡೀ ಐದಾರು ಡಿಗ್ರಿ. ಬೇಲಿ ಹಾಕೋಕಾಗದ ಕಡೆ ಅಜ್ಜಿಯರು ಕಥೆ ಕಟ್ಟಿದ್ದಾರೆ. ಈಗ ಹತ್ತಿರದ ಡ್ರಮ್ನಡ್ರಾಕಿಟ್ ಊರಿನ ಅಂಗಡಿಗಳಲ್ಲಿ ನೆಸ್ಸಿ ಚೌಕಳಿ ಟೋಪಿ ಹಾಕ್ಕೊಂಡು ನಗ್ತಾ ಕೂತಿದೆ. ಕೋಟೆ ಹತ್ತಿರ ಒಂದು ಮಗು ಬಗ್ಗಿ ನೀರಿಗೆ ಕೈ ಬೀಸಿ ಅದನ್ನ ಕರೀತಿತ್ತು, ಅಮ್ಮ ಹಿಂದಿನಿಂದ ಜಾಕೆಟ್ ಹಿಡಿದಿದ್ದಳು.

ನಾನೂ ಅಕ್ಕನ ಮಗಳಿಗೆ ಒಂದು ಗೊಂಬೆ ತಗೊಂಡೆ. ಅಕ್ಕನ ತೋಟದಲ್ಲಿ ಕೃಷಿ ಹೊಂಡ ಇದೆ. ಒಳಗೆ ಪ್ಲಾಸ್ಟಿಕ್ ಶೀಟ್ ಹಾಸಿದ್ದಾರೆ, ಜಾರಿದರೆ ದೊಡ್ಡವರಿಗೂ ಹತ್ತೋಕಾಗಲ್ಲ. ಬೇಲಿ ಹಾಕಿಸ್ತೀನಿ ಅಂತ ಭಾವ ಎರಡು ವರ್ಷದಿಂದ ಹೇಳ್ತಾನೇ ಇದ್ದಾರೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಗೊಂಬೆ ತೋರಿಸಿ, ಕುದುರೆ ಕಥೆಯನ್ನೂ ಹೇಳಿದೆ.

“ಮಗೂಗೆ ಎಂಥ ಕಥೆ ಹೇಳ್ತೀಯೋ!” ಅಂತ ಅಕ್ಕ ಬೈದಳು.

ಪುಟ್ಟಿ ಮಾತ್ರ ಸ್ಕ್ರೀನ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಮಾಮ, ನಮ್ಮ ಹೊಂಡದಲ್ಲೂ ಆ ಕುದುರೆ ಇದ್ಯಾ?”

“ಇದೆ” ಅಂದೆ.