ಗೆರೆಗಳು ಕೂಡಿದರೆ ಗಾಡಿಗಳು ಕೂಡಿದವೇ?

ಒಂಬತ್ತನೇ ತರಗತಿಗೆ ‘ಚಲನೆ’ ಪಾಠ ಶುರುವಾಯಿತೆಂದರೆ ನಾನು ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆಯುತ್ತೇನೆ. ಒಂದು ಅಡ್ಡಕ್ಕೆ ನೇರವಾಗಿ ಮಲಗಿದ್ದು. ಇನ್ನೊಂದು ಮೂಲೆಯಿಂದ ಓರೆಯಾಗಿ ಏರಿ ಮೊದಲನೆಯದನ್ನು ಕತ್ತರಿಸಿ ಹೋಗುವಂಥದ್ದು. ‘ಇವು ಎರಡು ವಾಹನಗಳು. ಎಲ್ಲಿ ಒಂದನ್ನೊಂದು ಸೇರುತ್ತವೆ?’ ಎಂದು ಕೇಳುತ್ತೇನೆ. ಇಡೀ ತರಗತಿ ಗೆರೆಗಳು ಕೂಡುವ ಬಿಂದುವಿನತ್ತ ಕೈ ತೋರಿಸುತ್ತದೆ. ತಮಾಷೆಯೆಂದರೆ, ಅಕ್ಷಗಳ ಮೇಲೆ ನಾನಿನ್ನೂ ಏನನ್ನೂ ಬರೆದೇ ಇರುವುದಿಲ್ಲ! ‘ಯಾವ ಅಕ್ಷದಲ್ಲಿ ಏನಿದೆ ಸಾರ್?’ ಎಂದು ಕೇಳುವ ಮಗು ವರ್ಷಕ್ಕೊಂದು ಸಿಕ್ಕರೆ ನನ್ನ ಪುಣ್ಯ.

ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ದೂರ ಎಂದು ಬರೆದರೆ ಮಕ್ಕಳು ಹೇಳಿದ್ದು ಸರಿ. ಮಲಗಿದ ಗೆರೆಯ ವಾಹನ ನಿಂತಲ್ಲೇ ನಿಂತಿದೆ, ಇನ್ನೊಂದು ಬಂದು ಅದನ್ನು ಸೇರಿ ಮುಂದಕ್ಕೆ ಹೋಗುತ್ತದೆ. ಆದರೆ ‘ದೂರ’ ಎಂಬುದನ್ನು ಅಳಿಸಿ ‘ವೇಗ’ ಎಂದು ಬರೆಯಿರಿ. ಗೆರೆಗಳು ಅವೇ, ಕಥೆ ಬೇರೆಯೇ. ಮಲಗಿದ ಗೆರೆ ಈಗ ಒಂದೇ ವೇಗದಲ್ಲಿ ಓಡುತ್ತಿರುವ ಬಸ್ಸು. ಓರೆ ಗೆರೆ, ನಿಂತಲ್ಲಿಂದ ಹೊರಟು ವೇಗ ಹೆಚ್ಚಿಸಿಕೊಳ್ಳುತ್ತಿರುವ ಬೈಕು.

ಲೆಕ್ಕ ಹಾಕಿಯೇ ನೋಡೋಣ. ಯಾರೋ ಬ್ಯಾಗನ್ನು ಬಸ್ಸಿನಲ್ಲೇ ಮರೆತು ಇಳಿದಿದ್ದಾನೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿರುವ ಆ ಬಸ್ಸು ನಿಂತಿದ್ದ ಬೈಕನ್ನು ದಾಟಿದ ಕ್ಷಣದಲ್ಲೇ ಬೈಕು ಬೆನ್ನಟ್ಟಿತು ಎನ್ನಿ. ಅದರ ವೇಗ ಪ್ರತಿ ಸೆಕೆಂಡಿಗೆ 2 ಮೀಟರಿನಷ್ಟು ಏರುತ್ತಿದೆ. 5ನೇ ಸೆಕೆಂಡಿನಲ್ಲಿ ಬೈಕಿನ ವೇಗವೂ 10. ಗೆರೆಗಳು ಕೂಡಿದವು. ಬೈಕು ಬಸ್ಸನ್ನು ಹಿಡಿಯಿತೇ? ಬಸ್ಸು 50 ಮೀಟರ್ ಹೋಗಿದೆ, ಬೈಕು 25 ಮಾತ್ರ. 4ನೇ ಸೆಕೆಂಡಿನಲ್ಲಿ ಅಂತರ 24 ಮೀಟರ್ ಇತ್ತು, 6ನೇ ಸೆಕೆಂಡಿನಲ್ಲೂ 24. ಅಂದರೆ ಗೆರೆಗಳು ಕೂಡಿದ ಆ ಗಳಿಗೆಯಲ್ಲೇ ಬಸ್ಸು ಬೈಕಿನಿಂದ ಅತಿ ಹೆಚ್ಚು ದೂರದಲ್ಲಿತ್ತು! ಅದು ಕೈಗೆ ಸಿಗುವುದು 10ನೇ ಸೆಕೆಂಡಿನಲ್ಲಿ. ಅದನ್ನು ನಕ್ಷೆಯಲ್ಲಿ ಕಾಣಬೇಕಾದರೆ ಗೆರೆಗಳ ಕೆಳಗಿನ ಜಾಗವನ್ನು ನೋಡಬೇಕು. ಬಸ್ಸಿನದು ಆಯತ, 10 ಗುಣಿಸು 10, ನೂರು ಮೀಟರ್. ಬೈಕಿನದು ತ್ರಿಭುಜ, 10 ಗುಣಿಸು 20ರ ಅರ್ಧ, ಅದೂ ನೂರು. ವಿಸ್ತೀರ್ಣಗಳು ಸಮನಾದಾಗ ಗಾಡಿಗಳು ಸೇರುತ್ತವೆ.

ಮಕ್ಕಳು ಇಲ್ಲಿ ಎಡವುವುದು ಗಣಿತ ಬಾರದೆ ಅಲ್ಲ, ನಕ್ಷೆಯನ್ನು ಚಿತ್ರವೆಂದು ನೋಡುವುದರಿಂದ. ಮೇಲೇರುವ ಗೆರೆ ಕಂಡರೆ ‘ಗಾಡಿ ಘಾಟಿ ಹತ್ತುತ್ತಿದೆ’ ಎನ್ನುವವರೂ ಇದ್ದಾರೆ.

ಹಿಂದೊಮ್ಮೆ ಪೋಷಕರ ಸಭೆಯ ದಿನ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ‘ಸೂತ್ರ ಎಲ್ಲಾ ಬಾಯಿಪಾಠ ಬರುತ್ತೆ ಸಾರ್, ನಾನೇ ಒಪ್ಪಿಸ್ಕೊಂಡಿದೀನಿ. ಗ್ರಾಫಿನ ಪ್ರಶ್ನೆಗೆ ಮಾತ್ರ ಸೊನ್ನೆ. ಇವನ ತಲೆಗೆ ಸೈನ್ಸ್ ಹತ್ತಲ್ಲ, ಕಾಮರ್ಸ್‌ಗೆ ಹಾಕೋಣ ಅಂತಾರೆ ಇವರಪ್ಪ’ ಎಂದರು. ಹುಡುಗ ನೆಲ ನೋಡುತ್ತಿದ್ದ. ಕಾಮರ್ಸ್ ಒಳ್ಳೆಯದೇ. ಆದರೆ ಅಲ್ಲಿಯೂ ಅರ್ಥಶಾಸ್ತ್ರದಲ್ಲಿ ಬೇಡಿಕೆ-ಪೂರೈಕೆಯ ಎರಡು ರೇಖೆಗಳು ಒಂದನ್ನೊಂದು ಕತ್ತರಿಸಿಕೊಂಡು ಕಾದು ಕೂತಿರುತ್ತವೆ ಎಂದೆ. ಆ ತಾಯಿಗೆ ನಗು ಬರಲಿಲ್ಲ.

ಹುಡುಗನಿಗೆ ರೈಲಿನ ಹುಚ್ಚು ಎಂದು ನನಗೆ ಗೊತ್ತಿತ್ತು. ರೈಲ್ವೆಯ ಕಂಟ್ರೋಲ್ ಕಚೇರಿಯಲ್ಲಿ ಗಾಡಿಗಳ ಓಡಾಟವನ್ನು ದೂರ-ಕಾಲ ನಕ್ಷೆಯಲ್ಲೇ ಗುರುತಿಸುತ್ತಾರೆ. ಒಂದು ಬದಿಗೆ ನಿಲ್ದಾಣಗಳು, ಇನ್ನೊಂದು ಬದಿಗೆ ಗಂಟೆ, ಒಂದೊಂದು ರೈಲಿಗೂ ಒಂದೊಂದು ಗೆರೆ. ಇದು ಹೊಸದೇನಲ್ಲ. ಮಾರೇ ಎಂಬ ಫ್ರೆಂಚ್ ವಿಜ್ಞಾನಿ 19ನೇ ಶತಮಾನದಲ್ಲೇ ಪ್ಯಾರಿಸ್-ಲಿಯೋನ್ ರೈಲುಗಳ ಇಂಥ ನಕ್ಷೆಯನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಗೆರೆ ಕಡಿದಾಗಿದ್ದರೆ ವೇಗದ ಗಾಡಿ, ಅಡ್ಡಕ್ಕೆ ಮಲಗಿದರೆ ನಿಲ್ದಾಣದಲ್ಲಿ ನಿಂತ ಗಾಡಿ. ಎದುರುಬದುರು ಬರುವ ಗಾಡಿಗಳ ಗೆರೆಗಳು ಒಂದನ್ನೊಂದು ದಾಟಲೇಬೇಕು. ಒಂಟಿ ಹಳಿಯಾದರೆ ಆ ದಾಟುವ ಬಿಂದು ಕ್ರಾಸಿಂಗ್ ಇರುವ ನಿಲ್ದಾಣದ ಮೇಲೆಯೇ ಬೀಳಬೇಕು.

ಗ್ರಾಫ್ ಹಾಳೆ ಕೊಟ್ಟು, ‘ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಈ ನಾಲ್ಕೇ ನಿಲ್ದಾಣ, ಒಂಟಿ ಹಳಿ ಅಂದುಕೊ. ಅತ್ತಲಿಂದ ಒಂದು ಗಾಡಿ, ಇತ್ತಲಿಂದ ಒಂದು ಗಾಡಿ ಬಿಡಪ್ಪ’ ಎಂದೆ. ಸ್ಕೇಲಿಟ್ಟು ಎರಡು ಗೆರೆ ಎಳೆದ. ತಾಯಿ ಬಗ್ಗಿ ನೋಡಿದರು. ತರೀಕೆರೆ, ಭದ್ರಾವತಿಗಳ ನಡುವೆ, ಬಯಲಿನಲ್ಲೆಲ್ಲೋ ಗೆರೆಗಳು ಕೂಡಿದ್ದವು. ನಾನು ಏನೂ ಹೇಳಲಿಲ್ಲ. ಹುಡುಗ ಅರೆಕ್ಷಣ ಹಾಳೆಯನ್ನೇ ದಿಟ್ಟಿಸಿ, ‘ಸಾರ್, ರಬ್ಬರ್ ಇದೆಯಾ?’ ಎಂದ.