ಅಮ್ಮನನ್ನು ಅಳಲು ಬಿಡಲಿಲ್ಲ

ಅಪ್ಪ ತೀರಿಕೊಂಡ ಮೇಲೆ ಮಗನಾಗಿ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದೆ ಎಂದುಕೊಂಡಿದ್ದೆ. ತುಂಗೆ ಭದ್ರೆ ಸೇರುವ ಕೂಡಲಿಯಲ್ಲಿ ಅಸ್ಥಿ ಬಿಟ್ಟೆ, ವೈಕುಂಠ ಸಮಾರಾಧನೆಗೆ ಬಂಧುಬಳಗವನ್ನೆಲ್ಲ ಕರೆದೆ, ಪಿಂಚಣಿ ಅಮ್ಮನ ಹೆಸರಿಗೆ ಆಗುವವರೆಗೂ ಓಡಾಡಿದೆ. ಆದರೆ ಅವಳ ದುಃಖಕ್ಕೆ ಜೊತೆಯಾಗಲಿಲ್ಲ.

ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. 1923ರಲ್ಲಿ ಕಬ್ಬಿಣ ತಯಾರಿಕೆ ಶುರುವಾದಾಗಿನಿಂದ ಆ ಊರಿನ ಎಷ್ಟೋ ಮನೆಗಳು ಪಾಳಿಯ ಲೆಕ್ಕದಲ್ಲೇ ಎದ್ದು ಮಲಗಿವೆ. ನಮ್ಮದೂ ಅಂಥದೇ ಮನೆ. ಅಪ್ಪ ನಿವೃತ್ತರಾದ ಮೇಲೂ ಅಮ್ಮ ಮೊದಲ ಪಾಳಿಯ ಹೊತ್ತಿಗೇ ಒಲೆ ಹಚ್ಚುತ್ತಿದ್ದಳು. ಅವರು ಡ್ಯೂಟಿಗೆ ಹೋಗುತ್ತಿದ್ದ ಸೈಕಲ್ ಜಗುಲಿಯಲ್ಲೇ ಇತ್ತು. ಕಣ್ಣಿಗೆ ಬಿದ್ದರೆ ಅಮ್ಮ ಅಳುತ್ತಾಳೆಂದು, ಅವಳನ್ನೊಂದು ಮಾತೂ ಕೇಳದೆ ಅದನ್ನು ಗುಜರಿಗೆ ಹಾಕಿದೆ.

ನಾನಿರುವುದು ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ. ರಾತ್ರಿ ಅಮ್ಮ ಫೋನ್ ಮಾಡಿ, “ನಿಮ್ಮಪ್ಪ ಇದ್ದಿದ್ರೆ...” ಎಂದು ಶುರು ಮಾಡುತ್ತಿದ್ದಂತೆ, “ಬಿಪಿ ಮಾತ್ರೆ ತಗೊಂಡ್ಯಾ?” ಎಂದು ಮಾತು ತಿರುಗಿಸುತ್ತಿದ್ದೆ. ಅತ್ತರೆ, “ಹೋದವರು ವಾಪಸ್ ಬರ್ತಾರಾ? ಧೈರ್ಯ ತಗೋ” ಎನ್ನುತ್ತಿದ್ದೆ. ಬರಬರುತ್ತಾ ಫೋನ್ ಕಡಿಮೆಯಾಯಿತು. ಸುಧಾರಿಸಿಕೊಂಡಳು ಎಂದು ಸಮಾಧಾನಪಟ್ಟೆ. ಸರಿಯಾಗಿ ಊಟ ಮಾಡುತ್ತಿಲ್ಲ, ಹೊರಗೇ ಬರುತ್ತಿಲ್ಲ ಎಂದು ಪಕ್ಕದ ಮನೆಯವರು ಹೇಳಿದಾಗ ಓಡಿಹೋಗಿ, ಯಾಕೆ ಹೀಗೆ ಮಾಡ್ತೀಯ ಎಂದು ಗದರಿದೆ.

“ನಿನ್ನ ಮುಂದೆ ಅತ್ತರೆ ಬೈತೀಯ. ಇನ್ಯಾರ ಮುಂದೆ ಅಳಲಿ?” ಎಂದಳು.

ಅಪ್ಪನ ಹೆಸರೆತ್ತಿದರೆ ನನಗೇ ತಡೆಯಲಾಗುತ್ತಿರಲಿಲ್ಲ. ನನ್ನ ಅಳು ನುಂಗಿಕೊಳ್ಳಲು ಅವಳ ಬಾಯಿ ಮುಚ್ಚಿಸಿದ್ದೆ.

ಮನೋವೈದ್ಯ ಡಾ. ಅಶೋಕ್ ಪೈ ಅವರು ದಶಕಗಟ್ಟಲೆ ಬರವಣಿಗೆ, ಸಿನಿಮಾಗಳ ಮೂಲಕ ಮನಸ್ಸಿನ ನೋವನ್ನು ಜನರಿಗೆ ತಿಳಿಹೇಳಿದ ಊರಿನಲ್ಲಿದ್ದೂ, ಸಾವಿನ ದುಃಖಕ್ಕೂ ನೆರವು ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ. ಕೊನೆಗೆ 14416ಕ್ಕೆ ಕರೆ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು; ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಪ್ತಸಮಾಲೋಚಕಿ ಅಮ್ಮನನ್ನು ಮೊದಲು ಕೇಳಿದ್ದು, “ನಿಮ್ಮ ಯಜಮಾನ್ರು ಹೆಂಗಿದ್ರು, ಹೇಳಿ” ಎಂದು. ಅವರಿಗೆ ಉಪ್ಪಿಟ್ಟು ಕಂಡರಾಗುತ್ತಿರಲಿಲ್ಲ ಎಂಬಲ್ಲಿಂದ ಹೊರಟ ಅಮ್ಮ ಎಷ್ಟೋ ಹೊತ್ತು ಮಾತಾಡಿದಳು, ನಡುನಡುವೆ ಅತ್ತಳು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ.

ದುಃಖ ಕಾಯಿಲೆಯಲ್ಲ. ಆದರೆ ಆರು ತಿಂಗಳು ಕಳೆದರೂ ಅದು ದಿನನಿತ್ಯದ ಬದುಕನ್ನೇ ಹಿಡಿದು ನಿಲ್ಲಿಸಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಅದನ್ನು ಗಂಭೀರವಾಗಿ ಪರಿಗಣಿಸುತ್ತದೆ. ಆಗ ವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು.

ಸಾವಾದ ಮನೆಗೆ ಮಾತಾಡಿಸಲು ಬರುವವರು ಹದಿಮೂರನೇ ದಿನದ ಹೊತ್ತಿಗೆ ನಿಂತುಹೋಗುತ್ತಾರೆ. ಉಳಿದವರಿಗೆ ಜನ ಬೇಕಾಗುವುದು ಆಮೇಲೆ. ನಿಮ್ಮ ಪೈಕಿ ಅಂಥ ಮನೆಯಿದ್ದರೆ ಈ ವಾರವೇ ಹೋಗಿ. ಹೋದವರ ಹೆಸರು ನೀವೇ ಎತ್ತಿ, ಮನೆಯವರು ಹೇಳುವಷ್ಟನ್ನೂ ಕೇಳಿ, ಅತ್ತರೆ ತಡೆಯಬೇಡಿ.