ಕೂಸಿನ ಹಲ್ಲಿಗೆ ಯಾವ ಪೇಸ್ಟು?

ನಮ್ಮ ಕಲ್ಲೋಳಿಯ ಮನೆಯಲ್ಲಿ ಬಚ್ಚಲುಗೋಡೆಯ ಮಾಡದೊಳಗೆ ಒಂದು ತಗಡಿನ ಡಬ್ಬಿಯಿತ್ತು. ಅದರಲ್ಲಿದ್ದುದು ಮಿಶ್ರಿ, ಎಂದರೆ, ತಂಬಾಕನ್ನು ಹಂಚಿನ ಮೇಲೆ ಕರಿದಾಗುವಂತೆ ಹುರಿದು ಕುಟ್ಟಿದ ಪುಡಿ. ನಿಪ್ಪಾಣಿಯ ತಂಬಾಕಿಗೆ ಹೆಸರಾದ ಈ ಸೀಮೆಯಲ್ಲಿ ನಮ್ಮ ಅವ್ವನ ಓರಗೆಯ ಅನೇಕ ಹೆಂಗಸರು ಅದರಿಂದಲೇ ಹಲ್ಲುಜ್ಜುತ್ತ ಬಂದವರು. ಒಂದು ಬೆಳಗು ನನ್ನ ನಾಲ್ಕು ವರುಷದ ಮಗಳು ಆಯಿಯನ್ನು ನೋಡಿ ತಾನೂ ಬೆರಳದ್ದಿ ಉಜ್ಜಿಕೊಂಡಳು. ಗಳಿಗೆಯೊಳಗೆ ಕೂಸಿನ ಮೋರೆ ಬಿಳಿಚಿತು, ಜೊಲ್ಲು ಸುರಿಯಿತು, ವಾಂತಿಯಾಯಿತು. ಅವಳನ್ನೆತ್ತಿಕೊಂಡು ವೈದ್ಯರಲ್ಲಿಗೆ ಓಡಿದ ಆ ದಾರಿಯನ್ನು ನಾನು ಮರೆಯಲಾರೆ. "ನನ್ನ ಹಲ್ಲು ಇನ್ನೂ ಗಟ್ಟಿ ಅದಾವಲ್ಲೋ" ಎನ್ನುತ್ತಲೇ ಅವ್ವ ಅಳುತ್ತಿದ್ದಳು. ದಂತಮಂಜನದಲ್ಲಿಯೂ ಪೇಸ್ಟಿನಲ್ಲಿಯೂ ತಂಬಾಕು ಬೆರೆಸಕೂಡದೆಂದು ಸರಕಾರವು 1992ರಲ್ಲಿಯೇ ನಿಷೇಧಿಸಿದೆ. ಮನೆಯೊಲೆಯ ಮೇಲೆ ಹುರಿದುದನ್ನು ತಡೆಯುವವರಾರು?

ಕೂಸು ಚೇತರಿಸಿಕೊಂಡ ಮರುದಿನವೇ ಅಂಗಡಿಗೆ ಹೋಗಿ, ಕರಡಿಯ ಚಿತ್ರವಿದ್ದ, ಹಣ್ಣಿನ ವಾಸನೆಯ ಪೇಸ್ಟೊಂದನ್ನು ತಂದೆನು. ಚಿತ್ರ ನೋಡಿಯೇ ಆರಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಮೂರನೆಯ ದಿನ ಮಗಳು ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು!

ಆಗ ದಂತವೈದ್ಯರನ್ನು ಕೇಳಿದೆನು. ಪೇಸ್ಟಿನೊಳಗಿನ ಫ್ಲೋರೈಡ್ ಹಲ್ಲಿನ ಹೊರಪದರನ್ನು ಗಟ್ಟಿಗೊಳಿಸಿ ಹುಳುಕನ್ನು ತಡೆಯುವದು. ಗೋಕಾಕದ ಕರದಂಟು ಮೆಲ್ಲುವ ನಮ್ಮ ಮಕ್ಕಳಿಗೆ ಅದು ಬೇಕೇ ಬೇಕು. ಬೆಲ್ಲದ ಅಂಟು ಹಲ್ಲಿನ ಸಂದಿಯಲ್ಲಿ ಕುಳಿತರೆ ಸೂಕ್ಷ್ಮಜೀವಿಗಳು ಅದನ್ನು ಹುಳಿಯಾಗಿಸಿ ಹಲ್ಲನ್ನು ಕೊರೆಯುವವು. ಆದರೆ ಹಾಲುಹಲ್ಲುಗಳ ಬುಡದಲ್ಲಿ ಮುಂದಿನ ಹಲ್ಲುಗಳು ರೂಪುಗೊಳ್ಳುವ ವಯಸ್ಸಿನಲ್ಲಿ ದಿನವೂ ಪೇಸ್ಟು ನುಂಗಿದರೆ, ಅವು ಕಲೆಗೊಂಡೇ ಹುಟ್ಟಬಹುದು. ಮುಂಡರಗಿಯ ಕಡೆ ನೀರಿನಲ್ಲಿಯೇ ಫ್ಲೋರೈಡ್ ಮಿತಿಮೀರಿ ಹಲ್ಲು ಕಂದಿದವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ತಾಯ್ತಂದೆಗಳು ನೋಡತಕ್ಕದ್ದು ಕರಡಿಯನ್ನಲ್ಲ, ಕೊಳವೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು. ಫ್ಲೋರೈಡ್ ಎಷ್ಟೆಂಬುದನ್ನು ಅಲ್ಲಿ ನಮೂದಿಸಲೇಬೇಕು. ನಮ್ಮ ದೇಶದಲ್ಲಿ ಅದು ಹತ್ತು ಲಕ್ಷ ಭಾಗಗಳಲ್ಲಿ 1000 ಭಾಗವನ್ನು ಮೀರುವಂತಿಲ್ಲ. ಮೂರು ವರುಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ಶಿನುದ್ದಕ್ಕೂ ಅಲೆಯಂತೆ ಹಿಂಡಿ ತೋರಿಸುವದು ಪೇಸ್ಟು ಬೇಗನೆ ತೀರಲೆಂದೇ ಇರಬೇಕು.

ಈಗ ಡಬ್ಬಿಯೂ ಕೊಳವೆಯೂ ನಾಗಂದಿಗೆಯ ಮೇಲೇರಿವೆ. ಅವ್ವ ಮಿಶ್ರಿಯನ್ನು ಬಿಟ್ಟಿಲ್ಲ. ಮೊಮ್ಮಗಳೆದುರು ಮಾತ್ರ ಮುಟ್ಟುವದಿಲ್ಲ. ಬೆಳಗಾದರೆ ತಾನೇ ಬಟಾಣಿಕಾಳಿನಷ್ಟು ಹಿಂಡಿ, "ಉಗುಳವ್ವ, ನುಂಗಬ್ಯಾಡ" ಎನ್ನುತ್ತ ಬಚ್ಚಲ ಬಾಗಿಲಲ್ಲಿ ಕುಳಿತಿರುತ್ತಾಳೆ.